ಒಂಬತ್ತನೇ ಬೀದಿಯ ಬಾವಿ

ಬೆನಕಪ್ಪ ಅಂಗೈಯಲ್ಲಿ ಕುಲುಕಿ ಎಸೆದ ಕವಡೆಗಳು ಮೇಜಿನ ಮೇಲೆ ಚೆಲ್ಲಾಡಿ, ಒಂದು ಮಾತ್ರ ಅಂಚಿನವರೆಗೆ ಉರುಳಿ ಇನ್ನೇನು ಬೀಳುತ್ತದೆ ಎನ್ನುವಾಗ ನಿಂತಿತು.

“ಒಳಗೆ ಬಿಟ್ರೋ ಇಲ್ವೋ ಹೇಳ್ರಿ ಮೇಷ್ಟ್ರೇ.”

“ಬಿಟ್ರು,” ಎಂದ ಪಂಚಾಕ್ಷರಿ, ತೊಡೆಯ ಮೇಲೆ ತೆರೆದಿಟ್ಟುಕೊಂಡಿದ್ದ ಪುಸ್ತಕದಿಂದ ಕಣ್ಣೆತ್ತದೆ. “ಆದ್ರೆ ಬಾಯಾರಿಕೆ ಬಾಗಿಲಾಗೇ ಬಿಟ್ಟು ಹೋಗು ಅಂತಾನೆ ಕಾವಲುಗಾರ. ಮಡಕೆ ಹಿಡ್ಕೊಂಡು ನಿಂತಾನೆ. ಅದರೊಳಗೆ ಒಂದು ಸಲ ಉಸಿರು ಬಿಟ್ರೆ ಸಾಕು, ಬಟ್ಟೆ ಕಟ್ಟಿ ಇಟ್ಕೊಂತಾನೆ. ಊರು ಬಿಡುವಾಗ ವಾಪಸ್ ಕೊಡ್ತಾರೆ.”

“ಬಸವಾಪಟ್ಟಣದಾಗೆ ನಮ್ಮ ಬೀಗರೂ ಇಂಥದೇ ಒಂದು ಮಡಕೆ ಇಟ್ಟವ್ರೆ ಕಾಣ್ತದೆ ಬಿಡ್ರಿ. ಹೋದೋರಿಗೆ ಒಂದು ಲೋಟ ನೀರು ಬೇಕಾ ಅಂತ ಕೇಳಿದ್ದೇ ನೋಡಿಲ್ಲ,” ಎಂದ ಬೆನಕಪ್ಪ.

ಶಿವಮೂರ್ತಪ್ಪ ಹೊಟ್ಟೆ ಕುಲುಕಿಸಿ ನಕ್ಕರು. ಮುಖ್ತಾರ್ ನಗಲಿಲ್ಲ. ಅವನು ಪಂಚಾಕ್ಷರಿಯ ಹೆಬ್ಬೆರಳನ್ನು ನೋಡುತ್ತಿದ್ದ. ಪುಟದ ಮೂಲೆಯನ್ನು ಅದು ಮಡಿಸುತ್ತಿದೆ, ಬಿಡಿಸುತ್ತಿದೆ, ಮತ್ತೆ ಮಡಿಸುತ್ತಿದೆ ಎಂಬುದು ಪಂಚಾಕ್ಷರಿಗೆ ಗೊತ್ತಾದದ್ದೇ ಆ ನೋಟದಿಂದ. ಹೆಬ್ಬೆರಳನ್ನು ಹಿಂದಕ್ಕೆ ಎಳೆದುಕೊಂಡ. ಪುಟದಲ್ಲಿ ಗೆರೆ ಉಳಿದಿತ್ತು.

ಭಾನುವಾರದ ಮಧ್ಯಾಹ್ನ. ಚನ್ನಗಿರಿಯ ಬಸ್‌ಸ್ಟ್ಯಾಂಡಿನ ಹಿಂದಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ರಜೆ. ಗೋಡೆಯುದ್ದಕ್ಕೂ ಟೈಪ್‌ರೈಟರುಗಳು ಕಪ್ಪು ರೆಕ್ಸಿನ್ ಮುಸುಕು ಹೊದ್ದು ಹೆಂಗಸರ ಹಾಗೆ ಸಾಲಾಗಿ ಕೂತಿದ್ದವು. ಶಾಯಿಯ ವಾಸನೆ, ಬೆವರಿನ ವಾಸನೆ. ವಾರವಿಡೀ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ಪಂಚಾಕ್ಷರಿ, ಅದೇ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಮುಖ್ತಾರ್, ದನದ ಆಸ್ಪತ್ರೆಯ ಕಾಂಪೌಂಡರ್ ಬೆನಕಪ್ಪ, ಇನ್‌ಸ್ಟಿಟ್ಯೂಟಿನ ಮಾಲೀಕರು ಶಿವಮೂರ್ತಪ್ಪ. ಈ ನಾಲ್ವರು ಭಾನುವಾರಗಳಂದು ಇಲ್ಲದ ಊರುಗಳಿಗೆ ಹೋಗಿಬರಲು ಶುರುಮಾಡಿ ಕೆಲವು ವರ್ಷಗಳೇ ಆಗಿದ್ದವು. ದಾವಣಗೆರೆಯ ಹಾಸ್ಟೆಲಿನಲ್ಲಿದ್ದುಕೊಂಡು ಡಾಕ್ಟರಿಕೆ ಓದುತ್ತಿದ್ದ ಮಲಯಾದ ಹುಡುಗನೊಬ್ಬ ಮುಖ್ತಾರನ ಸೋದರತ್ತೆಯ ಮಗನಿಗೆ ಕಲಿಸಿದ ಆಟ ಇದು. ಒಬ್ಬ ಆಡಿಸುವವನು, ಊರು ಹೇಗಿದೆ, ಬಾಗಿಲ ಹಿಂದೆ ಯಾರಿದ್ದಾರೆ ಎಂದು ಅವನು ಹೇಳುತ್ತಾನೆ. ಉಳಿದವರು ಆ ಊರಿಗೆ ಬಂದ ಕಳ್ಳನೋ ವೈದ್ಯನೋ ದಾರಿಹೋಕನೋ ಆಗಿ ಮಾತಾಡುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಮಾತ್ರ ದಾಳ. ಹಲವು ಮುಖದ ಆ ದಾಳಗಳು ಹುಡುಗನ ಜೊತೆಗೇ ಮಲಯಾಕ್ಕೆ ಹೋಗಿದ್ದರಿಂದ ಇಲ್ಲಿ ಕವಡೆ. ಉಳಿದವರಿಗೆ ಗೊತ್ತಾಗದಂತೆ ಏನಾದರೂ ಮಾಡಬೇಕಿದ್ದರೆ ಟವಲಿನಡಿ ಕೈ ಕೊಡಬೇಕು. ಅದು ದನದ ಸಂತೆಯಿಂದ ಬೆನಕಪ್ಪ ತಂದ ಪದ್ಧತಿ: ದಲ್ಲಾಳಿಗಳು ವ್ಯಾಪಾರ ಕುದುರಿಸುವ ಹಾಗೆ ಬೆರಳು ಹಿಡಿದೇ ಯಾವ ಬೀದಿ, ಎಷ್ಟನೇ ಮನೆ ಎಂದು ಆಡಿಸುವವನಿಗೆ ತಿಳಿಸುವುದು.

ಆದರೆ ಇವತ್ತು ಬರೀ ಆಟಕ್ಕೆ ಕೂತಿರಲಿಲ್ಲ. ಪಂಚಾಕ್ಷರಿಯ ತೊಡೆಯ ಮೇಲಿದ್ದದ್ದು ಮುಖ್ತಾರ್ ಎರಡು ಬೇಸಿಗೆ ರಜೆ ಕೂತು ಬರೆದ ತೂಬಿನಪಟ್ಟಣ. ಸೂಳೆಕೆರೆಯಂಥ ಒಂದು ದೊಡ್ಡ ಕೆರೆ, ಅದರ ತೂಬಿನ ಕೆಳಗೆ ಒಂದು ಪಟ್ಟಣ, ಬೀದಿ ಬೀದಿಯ ನಕ್ಷೆ, ಮನೆ ಮನೆಯ ಜನ. ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲೂ ಈಗ ಆಡುವ ಗುಂಪುಗಳಿದ್ದವು. ಎಲ್ಲರಿಗೂ ಒಂದೇ ಊರು ಇದ್ದರೆ ಜಗಳೂರಿನಲ್ಲಿ ಜೈಲಿಗೆ ಬಿದ್ದ ಕಳ್ಳನನ್ನು ಹೊನ್ನಾಳಿಯವರು ಬಿಡಿಸಿಕೊಳ್ಳಬಹುದಲ್ಲ ಎಂಬ ಆಸೆ ಹುಟ್ಟಿತ್ತು. ಟೈಪ್‌ರೈಟರಿನಲ್ಲಿ ಸ್ಟೆನ್ಸಿಲ್ ಹಾಳೆ ಕೊರೆದು ಎಲ್ಲರಿಗೂ ಪ್ರತಿ ತೆಗೆಯಲು ಶಿವಮೂರ್ತಪ್ಪ ಒಪ್ಪಿದ್ದರು, ಒಂದು ಷರತ್ತಿನ ಮೇಲೆ. “ಚಂದ ಐತೆ, ಚಿತ್ರ ಐತೆ, ಎಲ್ಲಾ ಸರಿ. ಆಡಾಕೆ ಉಪಯೋಗಕ್ಕೆ ಬರ್ತೈತೋ ಇಲ್ವೋ? ಪಂಚಾಕ್ಷರಿ ಮೇಷ್ಟ್ರು ಓದ್ಕೊಂಡೋರು. ಅವರು ಒಂದು ಸಲ ಇದರಾಗೆ ಆಡಿಸಿ ಹೇಳ್ಲಿ. ಅವರು ಹೂಂ ಅಂದ್ರೆ ಹೂಂ.” ಆಗ ಮುಖ್ತಾರ್ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಿದ್ದ. ಸ್ಟಾಫ್‌ರೂಮಿನಲ್ಲಿ ಕಿಟಕಿಯಿಲ್ಲದ ಮೂಲೆಯ ಕುರ್ಚಿ ಅವನದು. ಡ್ರಾಯಿಂಗ್ ಪೀರಿಯಡ್ಡನ್ನು ಯಾರು ಬೇಕಾದರೂ ಕೇಳಿ ತೆಗೆದುಕೊಳ್ಳಬಹುದಾಗಿತ್ತು. ಪಂಚಾಕ್ಷರಿಯೂ ತೆಗೆದುಕೊಂಡಿದ್ದ, ಪ್ರತಿಸಲ ನಗುತ್ತಾ, ಪೋರ್ಷನ್ ಮುಗಿದಿಲ್ಲ ಎಂದು. ಮುಖ್ತಾರನೂ ಪ್ರತಿಸಲ ನಗುತ್ತಲೇ ಕೊಟ್ಟಿದ್ದ.

ಒಂದು ವಾರ ಪುಸ್ತಕ ಪಂಚಾಕ್ಷರಿಯ ಬಳಿ ಇತ್ತು. ಕಾದಂಬರಿ ಓದುವ ಹಾಗೆ ಓದಲು ಹೋಗಿ ಮೊದಲ ಬೀದಿಯಲ್ಲೇ ಎಡವಿದ. ಇದರಲ್ಲಿ ನಾಯಕನಿಲ್ಲ, ಆರಂಭವಿಲ್ಲ. ಊರನ್ನು ಯಾವ ರಾಜ ಕಟ್ಟಿದ ಎಂಬುದೇ ಇಲ್ಲ. ಬೆಳಿಗ್ಗೆ ಯಾವ ಬಾಗಿಲು ಮೊದಲು ತೆರೆಯುತ್ತದೆ, ತೆರೆಯುವವನ ಹೆಸರೇನು, ಅವನಿಗೆ ಏನು ಬೇಕು. ಪ್ರತಿ ಮನೆಯ ಕೆಳಗೂ ಅದೊಂದು ಸಾಲು: ಇವನಿಗೆ ಬೇಕಾದದ್ದು. ಹಗ್ಗ ಹೊಸೆಯುವವನಿಗೆ ಬೇಕಾದದ್ದು ಅಣ್ಣನ ಕ್ಷಮೆ. ಸುಂಕದವನಿಗೆ ಬೇಕಾದದ್ದು ಯಾರಾದರೂ ಒಬ್ಬರು ಮೋಸ ಮಾಡಿ ಸಿಕ್ಕಿಬೀಳುವುದು. ಇಂಗ್ಲಿಷಿನ ಮೂಲಕ ಬಂದ ರಷ್ಯನ್, ಫ್ರೆಂಚ್ ಕಥೆಗಳನ್ನು ಅರೆದು ಕುಡಿದವನು ತಾನು. ತಾನು ಬರೆದ ಕಥೆಗಳಲ್ಲಿ ಮನುಷ್ಯರು ಕಿಟಕಿಯ ಬಳಿ ನಿಲ್ಲುತ್ತಾರೆ, ಸಿಗರೇಟು ಹಚ್ಚುತ್ತಾರೆ, ವಿಷಾದಪಡುತ್ತಾರೆ. ಅವರಿಗೆ ಏನು ಬೇಕು ಎಂದು ಯಾರಾದರೂ ಕೇಳಿದರೆ ಒಂದೇ ಸಾಲಿನಲ್ಲಿ ಹೇಳಲು ಬರುತ್ತಿತ್ತೇ? ಅರ್ಧಕ್ಕೇ ಪುಸ್ತಕ ಮುಚ್ಚಿಟ್ಟ. ಮರುದಿನ ಸ್ನಾನ ಮಾಡುವಾಗ ಒಂದು ವಾಕ್ಯ ತಾನಾಗಿ ಸಿದ್ಧವಾಯಿತು: ಓದಲು ಚೆನ್ನಾಗಿದೆ, ಆದರೆ ಮೇಜಿನ ಮೇಲೆ ನಿಲ್ಲುವುದಿಲ್ಲ. ಸಭ್ಯವಾದ ವಾಕ್ಯ. ಅದಕ್ಕೆ ಬೇಕಾದ ಸಾಕ್ಷಿಯನ್ನು ಇವತ್ತು ಆಟದ ನಡುವೆ ಹುಡುಕಬೇಕಿತ್ತು. ಇಲ್ಲಿಯವರೆಗೆ ಸಿಕ್ಕಿರಲಿಲ್ಲ. ಬೆನಕಪ್ಪ ಕೇಳಿದ್ದಕ್ಕೆಲ್ಲ ಪುಸ್ತಕದಲ್ಲಿ ಉತ್ತರವಿತ್ತು. ನಕ್ಷೆಯಲ್ಲಿ ಬೀದಿಯ ಸಂಖ್ಯೆ ನೋಡಿದರೆ ಸಾಕು, ಪುಟ ತಾನೇ ಬಂದು ಕೈಗೆ ಸಿಗುತ್ತಿತ್ತು. ಅಷ್ಟು ಸುಲಭವಾಗಿದ್ದುದೇ ಅವನಿಗೆ ಅವಮಾನದಂತೆ ಕಾಣುತ್ತಿತ್ತು.

ಹಿಂದಿನ ಮನೆಯಿಂದ ಕಸ್ತೂರಮ್ಮ ಮಂಡಕ್ಕಿಯ ತಟ್ಟೆ ತಂದಿಟ್ಟು, ಹೋಗದೆ ಬಾಗಿಲಿಗೆ ಒರಗಿ ನಿಂತರು. ಶಿವಮೂರ್ತಪ್ಪನವರ ಹೆಂಡತಿ ಈ ಆಟವನ್ನು ಯಾವತ್ತೂ ಆಡಿದವರಲ್ಲ, ಗಂಡಸರು ಗೊಂಬೆಯಾಟ ಆಡುತ್ತಾರೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದವರು.

“ಎಲ್ಲಿಗೆ ಬಂತು ಸವಾರಿ?”

“ಊರೊಳಗೆ ಈಗ ಕಾಲಿಟ್ಟೀವಿ ಕಸ್ತೂರಕ್ಕಾ,” ಎಂದ ಬೆನಕಪ್ಪ. “ಭಾರಿ ಊರು. ಚಿನಿವಾರರ ಬೀದಿ ಐತೆ, ಗಾಣದ ಬೀದಿ ಐತೆ. ಜೈಲೂ ಐತೆ.”

“ಅದಿರ್ಲಿ. ಬಾಯಾರಿಕೆ ಬಿಟ್ಟು ಹೋಗೋರು ಬಂದು ಹೋಗೋರು. ಆ ಊರಾಗೇ ಇರೋ ಹೆಣ್ಮಕ್ಕಳು ನೀರಿಗೆ ಎಲ್ಲಿಗೆ ಹೋಗ್ತಾರೆ?”

ಬೆನಕಪ್ಪ ಬಾಯಿಗೆ ಹಾಕಹೊರಟ ಮಂಡಕ್ಕಿಯನ್ನು ಅಲ್ಲಿಯೇ ಹಿಡಿದ. ಶಿವಮೂರ್ತಪ್ಪ ಮುಂದಕ್ಕೆ ಬಾಗಿದರು. “ಏ, ಒಳ್ಳೇ ಪ್ರಶ್ನೆ ಕೇಳಿದಳು ನೋಡ್ರಿ. ಹೇಳ್ರಿ ಮೇಷ್ಟ್ರೇ, ಏನೈತೆ ಅದರಾಗೆ?”

ಪಂಚಾಕ್ಷರಿ ನಕ್ಷೆ ನೋಡಿದ. ಒಂಬತ್ತನೇ ಬೀದಿಯ ಕೊನೆಯಲ್ಲಿ ನೀಲಿ ಶಾಯಿಯ ಒಂದು ಚಿಕ್ಕ ಸೊನ್ನೆ. ಅವನು ಓದದೆ ಬಿಟ್ಟ ಅರ್ಧದಲ್ಲಿತ್ತು ಅದು. ಪುಟ ತಿರುವಿದ.

‘ಒಂಬತ್ತನೇ ಬೀದಿಯ ಬಾವಿ. ಊರಿನ ಹೆಂಗಸರು ನೀರು ಸೇದುವುದು ಇಲ್ಲಿ. ಆ ವರ್ಷ ಯಾರ ಮನೆಯಲ್ಲಿ ಸಾವಾಗಿದೆಯೋ ಅವರ ಕೊಡ ಮೊದಲು. ದುರುಗಮ್ಮನ ಕೊಡ ಮೂರು ವರ್ಷದಿಂದಲೂ ಮೊದಲೇ ಇದೆ. ಆಚೆ ವರ್ಷ ಮಾವ ಸತ್ತ ಎಂದಳು, ಹೋದ ವರ್ಷ ಮೈದುನ, ಈ ವರ್ಷ ಗಂಡ. ಮೂವರೂ ಅವಳ ಅಟ್ಟದ ಮೇಲೆ ಬದುಕಿದ್ದಾರೆ. ಇವಳಿಗೆ ಬೇಕಾದದ್ದು: ನೀರಲ್ಲ, ಮುಂದೆ ನಿಲ್ಲುವುದು.’

ಪಂಚಾಕ್ಷರಿ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದ. ತಾನು ಹುಟ್ಟಿ ಬೆಳೆದ ಬಿಳಿಚೋಡಿನ ಬಾವಿಯ ಕಟ್ಟೆ, ಹಗ್ಗ ಉಜ್ಜಿ ಉಜ್ಜಿ ಸವೆದ ಕಲ್ಲು, ಅಪ್ಪ ಸತ್ತ ವರ್ಷದ ಬೇಸಿಗೆ. ಅವ್ವ ಕೊಡ ಹಿಡಿದು ಸರದಿಯ ಕೊನೆಯಲ್ಲಿ ನಿಂತಾಗ ಹೆಂಗಸರು ಒಂದು ಮಾತೂ ಆಡದೆ ಬದಿಗೆ ಸರಿದು ಅವಳನ್ನು ಮುಂದೆ ಬಿಟ್ಟಿದ್ದರು. ಹೋದ ಮಳೆಗಾಲ ಕತ್ತಲಗೆರೆ ರಸ್ತೆಯಲ್ಲಿ ಸೈಕಲ್ ತಳ್ಳಿಕೊಂಡು ಬರುವಾಗ ಮುಖ್ತಾರನಿಗೆ ಹೇಳಿದ್ದ ಇದನ್ನು, ಸ್ವಲ್ಪ ಸುಂದರವಾಗಿಯೇ ಹೇಳಿದ್ದ, ಮುಂದೆಂದೋ ಬರೆಯಲಿರುವ ಕಥೆಯ ಮೊದಲ ಪುಟವೆನ್ನುವ ಹಾಗೆ. ಕದ್ದಿದ್ದಾನೆ, ಎನಿಸಿತು. ಆದರೆ ಅದರ ಮುಂದಿನದನ್ನು ಅವನು ಮುಖ್ತಾರನಿಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಮರುವರ್ಷವೂ ಅವ್ವ ನೇರ ಮುಂದೆ ಹೋಗಿ ಕೊಡ ಇಟ್ಟಳು. ಅದರ ಮರುದಿನವೂ. ಒಂದು ಬೆಳಿಗ್ಗೆ ಕೆಂಪಕ್ಕ ಎಂಬ ಮುದುಕಿ ಆ ಕೊಡವನ್ನು ಕುತ್ತಿಗೆ ಹಿಡಿದು ಎತ್ತಿ ಸಾಲಿನ ಹಿಂದಕ್ಕೆ ತಂದಿಟ್ಟು, “ವರ್ಷ ತುಂಬಿತಲ್ಲವ್ವಾ” ಎಂದಳು, ಸಿಟ್ಟಿಲ್ಲದೆ. ಅವ್ವ ತಿರುಗಿ ನೋಡಿದ್ದು ಕೊಡವನ್ನಲ್ಲ, ಇವನನ್ನು. ಇವನು ನೋಡಿಬಿಟ್ಟನೇ ಎಂದು. ಆ ಮುಖವನ್ನು ಇವನು ಎಲ್ಲೂ ಬರೆದಿರಲಿಲ್ಲ. ಬರೆಯಲು ಕೂತಾಗಲೆಲ್ಲ ಅದು ಕಿಟಕಿಯ ಬಳಿ ನಿಂತ ಯಾರೋ ಗಂಡಸಿನ ವಿಷಾದವಾಗಿ ಮಾರ್ಪಡುತ್ತಿತ್ತು. ಹೇಳದೇ ಇದ್ದದ್ದನ್ನು ಮುಖ್ತಾರ್ ಹೇಗೆ ಕಂಡ? ಒಂದೇ ಸಾಲಿನಲ್ಲಿ? ನೀರಲ್ಲ, ಮುಂದೆ ನಿಲ್ಲುವುದು.

“ಬರೆದಿಲ್ಲ,” ಎಂದ ಪಂಚಾಕ್ಷರಿ.

“ಏನು?”

“ನೀರಿನ ಬಗ್ಗೆ ಇದರಾಗೆ ಏನೂ ಬರೆದಿಲ್ಲ.”

ಹೇಳಿದ ಮೇಲೆ, ಹೇಳಿದವನು ತಾನೇ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಮುಖ್ತಾರನ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಆಡುವಾಗ ಪುಸ್ತಕ ಆಡಿಸುವವನ ಕೈಯಲ್ಲಿ ಮಾತ್ರ. ಅವನು ಹೇಳಿದ್ದೇ ಊರು. ಹೊರಗಿನಿಂದ ಗೊತ್ತಿರುವುದನ್ನು ಆಡುವವನು ಬಾಯಿ ಬಿಟ್ಟು ಹೇಳುವಂತಿಲ್ಲ. ಈ ನಿಯಮವನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದವನು ಮುಖ್ತಾರ್. ಒಮ್ಮೆ ಬೆನಕಪ್ಪ ನಕ್ಷೆಯೊಳಕ್ಕೆ ಇಣುಕಿದ ಎಂಬ ಕಾರಣಕ್ಕೆ ಅರ್ಧ ಆಟಕ್ಕೇ ಎದ್ದು ಹೋಗಿದ್ದ. ಈಗಲೂ ಅವನು ಮಾತಾಡುವುದಿಲ್ಲ. ಹಾಗೆಂದು ಗೊತ್ತಿದ್ದೇ ಹೇಳಿದೆನೇ? ಗೊತ್ತಿದ್ದೇ.

“ಹಂಗಾದ್ರೆ ನೀವೇ ಹೇಳ್ರಿ, ಎಲ್ಲಿಗೆ ಹೋಗ್ತಾರೆ?” ಎಂದರು ಕಸ್ತೂರಮ್ಮ.

“ಬಾವಿ ಐತೆ. ಊರ ನಡುವೆ.”

“ಎಂಥ ಬಾವಿ?”

“ಬಾವಿ. ಎಲ್ಲಾ ಬಾವಿ ಇದ್ದಂಗೆ.”

“ಅದನ್ನ ನೋಡಾಕೆ ಅಲ್ಲಿಗ್ಯಾಕೆ ಹೋಗ್ಬೇಕು? ನಮ್ಮ ಹಿತ್ಲಾಗೇ ಐತೆ,” ಎಂದು ಕಸ್ತೂರಮ್ಮ ಖಾಲಿ ತಟ್ಟೆ ಎತ್ತಿಕೊಂಡರು.

ಶಿವಮೂರ್ತಪ್ಪ ನಾಲಿಗೆ ಲೊಚಗುಟ್ಟಿದರು. “ಮುಖ್ತಾರ್ ಮೇಷ್ಟ್ರೇ, ಬೇಜಾರು ಮಾಡ್ಕೋಬ್ಯಾಡ್ರಿ. ಊರು ಕಟ್ಟಿದೋರು ನೀರನ್ನೇ ಮರೆತ್ರೆ ಹೆಂಗೆ? ನಾಳೆ ನ್ಯಾಮತಿಯೋರು ಕೇಳ್ತಾರೆ. ಜಗಳೂರಿನೋರಂತೂ ಮೊದ್ಲು ಕೇಳೋದೇ ನೀರು.”

ಮುಖ್ತಾರ್ ಮೇಜಿನ ಮೇಲೆ ಬಿದ್ದ ಒಂದು ಮಂಡಕ್ಕಿಯನ್ನು ಬೆರಳ ತುದಿಯಿಂದ ಒತ್ತಿ ಎತ್ತಿ ಕಸ್ತೂರಮ್ಮನ ಕೈಯಲ್ಲಿದ್ದ ತಟ್ಟೆಯೊಳಗೆ ಹಾಕಿದ. “ಆಟ ನಡೀಲಿ,” ಎಂದ. “ನನ್ನ ಸರದಿ ಐತೆ. ಟವಲ್ ಕೊಡ್ರಿ.”

ಬೆನಕಪ್ಪ ಹೆಗಲ ಮೇಲಿನ ಟವಲನ್ನು ತೆಗೆದು ಇಬ್ಬರ ಕೈಯ ಮೇಲೂ ಹಾಸಿದ. “ಸಾಬ್ರು ಯಾರ ಮನೆಗೋ ಕನ್ನ ಹಾಕ್ತಾವ್ರೆ,” ಎಂದ. ಆಟದಲ್ಲಿ ಮುಖ್ತಾರ್ ಕಳ್ಳನಾಗಿದ್ದ. ಅವನ ಕೈ ತಣ್ಣಗಿತ್ತು, ಈ ಸೆಕೆಯಲ್ಲೂ. ಐದೂ ಬೆರಳನ್ನು ಒಟ್ಟಿಗೆ ಹಿಡಿದು ಬಿಟ್ಟ. ಆಮೇಲೆ ನಾಲ್ಕನ್ನು ಹಿಡಿದ. ಒಂಬತ್ತನೇ ಬೀದಿ. ಬಿಡಲಿಲ್ಲ. ಕಳ್ಳ ಯಾರಿಗೂ ಹೇಳದೆ ಒಂಬತ್ತನೇ ಬೀದಿಗೆ ಹೋಗುತ್ತಿದ್ದಾನೆ, ಅಷ್ಟೇ. ನಿಯಮ ಮೀರಿದ್ದೇನೂ ಇಲ್ಲ. ಇನ್ನು ಆಡಿಸುವವನು ಅಲ್ಲಿ ಏನಿದೆ ಎಂದು ಹೇಳಬೇಕು. ‘ಓ, ಈಗ ಕಣ್ಣಿಗೆ ಬಿತ್ತು, ಇಲ್ಲೇ ಬರೆದಿದೆಯಲ್ಲ’ ಎಂದು ನಕ್ಕುಬಿಡಬಹುದು, ಯಾರಿಗೂ ಏನೂ ಆಗುವುದಿಲ್ಲ. ಬಾಗಿಲು ತೆರೆದು, ತಾನು ಪಕ್ಕಕ್ಕೆ ಸರಿದು ನಿಂತಿದ್ದಾನೆ ಮುಖ್ತಾರ್, ಡ್ರಾಯಿಂಗ್ ಪೀರಿಯಡ್ಡು ಬಿಟ್ಟುಕೊಡುವಾಗಿನ ಅದೇ ಸೌಜನ್ಯದಿಂದ. ಆ ಸೌಜನ್ಯವೇ ಮೈ ಉರಿಸಿತು. ಟವಲಿನಡಿಯಿಂದ ಪಂಚಾಕ್ಷರಿ ಕೈ ಕಿತ್ತುಕೊಂಡ.

“ಪುಸ್ತಕದಾಗೆ ಇಲ್ಲ,” ಎಂದ, ಪುಸ್ತಕವನ್ನು ಮುಚ್ಚಿ. “ಇರ್ಲಿ, ನಾನೇ ಹೇಳ್ತೀನಿ. ಕಳ್ಳ ಒಂದು ಬೀದಿಗೆ ಬರ್ತಾನೆ. ಕೊನೇಲಿ ಬಾವಿ. ಹೆಂಗಸರು ಸಾಲಾಗಿ ನಿಂತವ್ರೆ. ಆ ಊರಾಗೆ ಒಂದು ಪದ್ಧತಿ: ಯಾರ ಮನೇಲಿ ಆ ವರ್ಷ ಸಾವಾಗೈತೋ ಅವರ ಕೊಡ ಮೊದಲು.”

ಬಾಗಿಲು ದಾಟಿದ್ದ ಕಸ್ತೂರಮ್ಮ ನಿಂತರು.

ಮುಂದಿನದು ನಿಲ್ಲಿಸಲಾಗದಂತೆ ಬಂತು. ದುರುಗಮ್ಮ ಬಂದಳು, ಅವಳ ಮಾವ ಬಂದ, ಮೈದುನ ಬಂದ, ಗಂಡ ಬಂದ. ಬೆನಕಪ್ಪನ ವೈದ್ಯ ಅಟ್ಟದ ಮೇಲೆ ಕೆಮ್ಮು ಕೇಳಿ ಏಣಿ ಹತ್ತಿದ, ಕವಡೆ ಎಸೆದ, ಸತ್ತವರ ನಾಡಿ ಹಿಡಿದ. “ಮೂವರು ಗಂಡಸರನ್ನ ಅಟ್ಟಕ್ಕೆ ಹಾಕಿ ರೊಟ್ಟಿ ಬಡೀತಾಳಲ್ರೀ. ಗಟ್ಟಿಗಿತ್ತಿ,” ಎಂದು ಕಸ್ತೂರಮ್ಮ ಒಂದು ಟೈಪ್‌ರೈಟರಿನ ಮುಂದಿನ ಸ್ಟೂಲು ಎಳೆದು ಕೂತೇಬಿಟ್ಟರು. “ಇವರನ್ನೂ ಹಂಗೆ ಹಾಕ್ಬೌದು. ಯಾರೂ ಕೇಳಂಗಿಲ್ಲ.” ಶಿವಮೂರ್ತಪ್ಪ ಕಣ್ಣೊರೆಸಿಕೊಂಡು ನಕ್ಕರು. ಮುಖ್ತಾರ್ ತನ್ನ ಸರದಿ ಬಂದಾಗಲೆಲ್ಲ ಕಳ್ಳನಾಗಿ ಮಾತಾಡಿದ, ಏನೂ ಗೊತ್ತಿಲ್ಲದವನು ಕೇಳಬೇಕಾದ್ದನ್ನು ಮಾತ್ರ ಕೇಳಿದ. “ಅಟ್ಟದ ಮ್ಯಾಲೆ ಯಾರಿದಾರೆ?” ಎಂದು ತಾನು ಕೂರಿಸಿದ ಜನರ ಬಗ್ಗೆ ತಾನೇ ಕೇಳಿದ. ಪಂಚಾಕ್ಷರಿ ಉತ್ತರ ಕೊಟ್ಟ. ಆ ಧ್ವನಿಯಲ್ಲಿ ಒಂದಿಷ್ಟು ವ್ಯಂಗ್ಯ ಸಿಕ್ಕಿದ್ದರೆ ಉಸಿರಾಡಬಹುದಿತ್ತು. ಇರಲಿಲ್ಲ. ಕೊನೆಗೆ ಕಳ್ಳ ದುರುಗಮ್ಮನನ್ನು ಕೇಳಿದ, “ನಿನಗೆ ಏನು ಬೇಕವ್ವಾ?”

ಪಂಚಾಕ್ಷರಿಗೆ ಉತ್ತರ ಗೊತ್ತಿತ್ತು. ಮುಚ್ಚಿದ ಪುಸ್ತಕದೊಳಗೆ ಇತ್ತು, ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಬಾಯಿ ತೆರೆದ. ಬಾವಿಕಟ್ಟೆಯ ಬಳಿ ತಿರುಗಿ ನಿಂತ ಮುಖವೊಂದು ಇವನನ್ನು ನೋಡಿತು. “ನೀರು,” ಎಂದ. “ನೀರು ಬೇಕು ಅಂತಾಳೆ.”

“ಅಷ್ಟೇನಾ,” ಎಂದರು ಕಸ್ತೂರಮ್ಮ, ಸ್ವಲ್ಪ ನಿರಾಸೆಯಿಂದ.

ಮುಖ್ತಾರ್ ತಲೆಯಾಡಿಸಿದ. “ನನ್ನ ಆಟ ಮುಗೀತು,” ಎಂದು ಮುಂದಿದ್ದ ಕವಡೆಗಳನ್ನು ಒಟ್ಟುಗೂಡಿಸಿ ಮೇಜಿನ ನಡುವೆ ಇಟ್ಟ.

ಶಿವಮೂರ್ತಪ್ಪ ಕುರ್ಚಿಯಿಂದ ಎದ್ದು ಪಂಚಾಕ್ಷರಿಯ ಬೆನ್ನು ತಟ್ಟಿದರು. “ನೋಡ್ರಿ, ನನಗೆ ಉತ್ತರ ಸಿಕ್ತು. ಪುಸ್ತಕದಾಗೆ ಇಲ್ಲದ್ದು ನಿಮ್ಮ ತಲೇಲಿ ಐತೆ. ಅಂದ್ಮೇಲೆ ಈ ಪುಸ್ತಕದ ಉಪಯೋಗ ಏನು? ನೀವೇ ಒಂದು ಊರು ಬರೀರಿ ಮೇಷ್ಟ್ರೇ. ಸ್ಟೆನ್ಸಿಲ್ ನಾಳೆಯಿಂದಲೇ ಕೊರೀತೀನಿ. ಮುಖ್ತಾರ್ ಮೇಷ್ಟ್ರು ಚಿತ್ರ ಹಾಕಿಕೊಡ್ಲಿ, ಕೈ ಚೆನ್ನಾಗೈತೆ.”

ಬೆನ್ನಿನ ಮೇಲಿನ ಕೈ ಭಾರವಾಗಿತ್ತು, ಬೆಚ್ಚಗಿತ್ತು. ಎಷ್ಟೋ ದಿನದಿಂದ ಯಾರೂ ಅವನಿಗೆ ಹೀಗೆ ಹೇಳಿರಲಿಲ್ಲ. ಪತ್ರಿಕೆಗಳು ಕಥೆಗಳನ್ನು ವಾಪಸು ಕಳಿಸುವಾಗ ಒಂದು ಸಾಲೂ ಬರೆಯುತ್ತಿರಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಆ ಕೈ ಅಲ್ಲೇ ಇರಲಿ ಎನಿಸಿತು. ಹಾಗೆ ಎನಿಸಿದ್ದು ಎದುರಿಗೆ ಕೂತ ಮುಖ್ತಾರನಿಗೆ ಕಂಡಿತು ಎಂದೂ ಅನಿಸಿತು.

“ಐತೆ,” ಎಂದ.

“ಏನು ಐತೆ?”

“ಆ ಬಾವಿ. ದುರುಗಮ್ಮ. ಎಲ್ಲಾ ಪುಸ್ತಕದಾಗೇ ಐತೆ.” ಮಾತು ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. “ಹಾಳೆ ಅಂಟ್ಕೊಂಡಿದ್ವು. ಮೊದ್ಲು ಸರಿಯಾಗಿ ನೋಡಲಿಲ್ಲ.”

ಬೆನಕಪ್ಪ ಮೇಜಿನಾಚೆಯಿಂದ ಕೈ ಚಾಚಿ ಪುಸ್ತಕ ತೆಗೆದುಕೊಂಡ. ಆಟ ಮುಗಿದಿತ್ತು, ಈಗ ಯಾರು ಬೇಕಾದರೂ ನೋಡಬಹುದಿತ್ತು. ನಕ್ಷೆಯಲ್ಲಿ ಬಾವಿ ಹುಡುಕಿ ಪುಟ ತಿರುವಿದ, ತುಟಿಯಾಡಿಸುತ್ತ ಓದಿದ. ನಿಧಾನವಾಗಿ ಮುಖದ ಮೇಲಿನ ನಗು ಹೋಯಿತು. “ಅಂಟ್ಕೊಂಡಿದ್ದ ಹಾಳೆ ಒಳಗಿಂದೂ ನಿಮಗೆ ಕಾಣ್ತಿತ್ತಾ ಮೇಷ್ಟ್ರೇ?” ಎಂದ. “ಮಾವ, ಮೈದುನ, ಗಂಡ. ಸಾಲಾಗಿ ಹಂಗೇ ಹೇಳಿದ್ರಿ.” ಆಮೇಲೆ ಕೊನೆಯ ಸಾಲನ್ನು ಕಸ್ತೂರಮ್ಮನಿಗೆ ಕೇಳುವಂತೆ ಗಟ್ಟಿಯಾಗಿ ಓದಿದ. “ಇವಳಿಗೆ ಬೇಕಾದದ್ದು: ನೀರಲ್ಲ, ಮುಂದೆ ನಿಲ್ಲುವುದು.”

ಕಸ್ತೂರಮ್ಮ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಮುಖ್ತಾರನನ್ನು ನೋಡಿದರು.

“ಹೌದೇನ್ರೀ ಮುಖ್ತಾರ್ ಮೇಷ್ಟ್ರೇ?” ಎಂದರು ಶಿವಮೂರ್ತಪ್ಪ. “ನೀವು ಇದನ್ನ ಮೊದ್ಲೇ ಬರೆದಿದ್ರಾ? ಮತ್ತೆ ಸುಮ್ನೆ ಕೂತಿದ್ರಲ್ಲ.”

“ಆಡಿಸೋರು ಇಲ್ಲ ಅಂದ್ರು. ಅಂದ್ಮೇಲೆ ಇಲ್ಲ.”

“ಅದು ಆಟ ಮಾರಾಯ್ರೇ. ಆಟ ಮುಗೀತಲ್ಲ.” ಶಿವಮೂರ್ತಪ್ಪನವರಿಗೆ ಈ ಇಕ್ಕಟ್ಟು ಬೇಕಿರಲಿಲ್ಲ. ಎಲ್ಲರೂ ನಕ್ಕ ಒಳ್ಳೆಯ ಮಧ್ಯಾಹ್ನವೊಂದು ಕೈ ಜಾರುತ್ತಿತ್ತು. ಬೀರು ತೆರೆದು ಸ್ಟೆನ್ಸಿಲ್ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. “ಒಳ್ಳೇದೇ ಆತು. ಬರೆದೋರು ನೀವು, ಆಡಿಸಿ ತೋರಿಸಿದೋರು ಅವರು. ಇಬ್ಬರ ಹೆಸರೂ ಮೊದಲನೇ ಹಾಳೆ ಮ್ಯಾಲೆ ಹಾಕಾಣ. ಇವತ್ತೇ ಶುರು ಮಾಡ್ತೀನಿ. ಹೊನ್ನಾಳಿಗೆ ಮೊದ್ಲು ಕಳಿಸ್ತೀನಿ.”

“ನನ್ನ ಹೆಸರು ಬ್ಯಾಡ,” ಎಂದ ಪಂಚಾಕ್ಷರಿ, ಅವಸರದಿಂದ. “ಅವರೊಬ್ಬರದೇ ಹಾಕ್ರಿ. ಊರು ಅವರದು. ಉಪಯೋಗಕ್ಕೆ ಬರ್ತೈತೆ. ಇಂಥ ಪುಸ್ತಕ ನಾನು ನೋಡಿಲ್ಲ. ಬೇಕಾದ್ರೆ ಇದನ್ನೇ ಮುಂದೆ ನಾಲ್ಕು ಮಾತಾಗಿ ಬರೆದುಕೊಡ್ತೀನಿ, ಮುನ್ನುಡಿ ಅಂತ.” ಹೇಳುತ್ತಿರುವಾಗಲೇ ತನ್ನ ಧ್ವನಿಯಲ್ಲಿ ದೊಡ್ಡ ಮನಸ್ಸಿನವನೊಬ್ಬ ನುಸುಳಿರುವುದು ಅವನಿಗೆ ಕೇಳಿಸಿತು. ಬಿಟ್ಟುಕೊಡುವುದರಲ್ಲೂ ಮುಂದೆ ಬಂದು ನಿಂತಿದ್ದ. “ಮುಖ್ತಾರ್, ಕೇಳ್ರಿ. ಮುಂದಿನ ಭಾನುವಾರ ಇನ್ನೊಂದು ಸಲ ಆಡಿಸ್ತೀನಿ. ಸರಿಯಾಗಿ. ನೀವು ಬರೆದಂಗೇ.”

ಶಿವಮೂರ್ತಪ್ಪ ಪೆಟ್ಟಿಗೆಯಿಂದ ಒಂದು ನೀಲಿ ಹಾಳೆ ಎಳೆದು, ಹತ್ತಿರದ ಟೈಪ್‌ರೈಟರಿನ ಮುಸುಕು ತೆಗೆದು, ರೋಲರಿಗೆ ಸೇರಿಸಿ, ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡು ಕಾದರು. “ಹೇಳ್ರಿ, ಹೆಸರು ಹೆಂಗೆ ಹಾಕ್ಲಿ? ಬರೀ ಮುಖ್ತಾರ್ ಅಂತಲೋ, ತಂದೆ ಹೆಸರೂ ಸೇರಿಸ್ಲೋ?”

ಮುಖ್ತಾರ್ ಎದ್ದು ನಿಂತಿದ್ದ. ಬೆನಕಪ್ಪ ಚಾಚಿದ ಪುಸ್ತಕವನ್ನು ಅವನು ತೆಗೆದುಕೊಳ್ಳಲಿಲ್ಲ.

“ಬ್ಯಾಡ್ರಿ,” ಎಂದ. “ಹೆಸರಲ್ಲ, ಪುಸ್ತಕ ಹಾಕಾದೇ ಬ್ಯಾಡ.”